ಚೆಂಡು ಬಿಡಿ, ನೆಟ್ ಬಳಿಯ ಕಾಲು ನೋಡಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 13 ವರ್ಷ. ಟೆನಿಸ್‌ನಲ್ಲಿ ಸಿಂಗಲ್ಸ್ ಜೊತೆಗೆ ಡಬಲ್ಸ್ ಕೂಡ ಆಡುತ್ತಾಳೆ. ಮೊನ್ನೆ ಇಬ್ಬರೂ ಕೂತು 2015ರ ಡಬ್ಲ್ಯುಟಿಎ ಫೈನಲ್ಸ್‌ನ, ಅಂದರೆ ಮಹಿಳಾ ಟೆನಿಸ್‌ನ ವರ್ಷಾಂತ್ಯದ ಟೂರ್ನಿಯ, ಡಬಲ್ಸ್ ಫೈನಲ್ ವಿಡಿಯೊ ನೋಡಿದೆವು. ಸಿಂಗಪುರದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಆಟ. ಒಂದು ಕಡೆ ಸಾನಿಯಾ ಮಿರ್ಜಾ–ಮಾರ್ಟಿನಾ ಹಿಂಗಿಸ್, ಇನ್ನೊಂದು ಕಡೆ ಸ್ಪೇನಿನ ಗಾರ್ಬಿನೆ ಮುಗುರುಜಾ–ಕಾರ್ಲಾ ಸುವಾರೆಜ್ ನವಾರೊ. ಮುಗುರುಜಾ ಆಗ ಸಿಂಗಲ್ಸ್‌ನಲ್ಲಿ ವಿಶ್ವದ ಮೂರನೇ ಸ್ಥಾನದಲ್ಲಿದ್ದರಂತೆ. ಆದರೂ 6-0, 6-3! ಗಂಟೆ ಚಿಲ್ಲರೆಯಲ್ಲಿ ಮುಗಿದೇ ಹೋಯಿತು. ಇದು ಹೇಗೆ? ಛಾವಣಿ ಕೆಳಗೆ ಆಡಿದ್ದಕ್ಕೆ ಏನಾದರೂ ವ್ಯತ್ಯಾಸ ಆಗುತ್ತದೆಯೇ? 40-40 ಆದ ಮೇಲೆ ಒಂದೇ ಪಾಯಿಂಟ್ ಆಡುವುದು, ಮೂರನೇ ಸೆಟ್ ಬದಲು ಹತ್ತು ಪಾಯಿಂಟ್ ಆಡುವುದು ಯಾಕೆ? ಕೊನೆಯದಾಗಿ, ಮಗಳು ಸಿಂಗಲ್ಸ್ ಬಿಟ್ಟು ಡಬಲ್ಸನ್ನೇ ಹಿಡಿಯುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳಲಿ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಆ ವಿಡಿಯೊ ಇನ್ನೊಂದು ಸಲ ಹಾಕಿ. ಈ ಸಲ ಎರಡು ಗೇಮ್ ಮಟ್ಟಿಗೆ ಚೆಂಡನ್ನು ನೋಡಲೇಬೇಡಿ. ಕಷ್ಟವಾಗುತ್ತದೆ, ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಓಡುತ್ತದೆ. ಆದರೂ ಹಟ ಹಿಡಿದು, ಸಾನಿಯಾ ಬೇಸ್‌ಲೈನ್‌ನಿಂದ, ಅಂದರೆ ಅಂಗಣದ ಹಿಂದಿನ ಗೆರೆಯಿಂದ, ಫೋರ್‌ಹ್ಯಾಂಡ್ ಬಾರಿಸುತ್ತಿರುವಾಗ ಮುಂದೆ ನೆಟ್ ಹತ್ತಿರ ಇರುವ ಹಿಂಗಿಸ್ ಕಾಲುಗಳನ್ನಷ್ಟೇ ನೋಡಿ. ಅವರು ಒಂದು ಕ್ಷಣವೂ ಸುಮ್ಮನೆ ನಿಲ್ಲುವುದಿಲ್ಲ. ಅರ್ಧ ಹೆಜ್ಜೆ ಮಧ್ಯಕ್ಕೆ, ಮತ್ತೆ ವಾಪಸ್. ಹೋದಂತೆ ಮಾಡಿ ನಿಲ್ಲುವುದು, ನಿಂತಂತೆ ಮಾಡಿ ಹೋಗುವುದು. ಆ ಫೈನಲ್ ಯಾಕೆ ಅಷ್ಟು ಬೇಗ ಮುಗಿಯಿತು ಅನ್ನುವುದಕ್ಕೆ ಮುಕ್ಕಾಲು ಉತ್ತರ ಆ ಕಾಲುಗಳಲ್ಲೇ ಇದೆ.

ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ. ನೆಟ್‌ನಿಂದ ಬೇಸ್‌ಲೈನ್‌ಗೆ 39 ಅಡಿ. ನೆಟ್ ಬಳಿಯ ಆಟಗಾರ್ತಿ ಸುಮಾರು 8 ಅಡಿ ಹಿಂದೆ ನಿಂತಿರುತ್ತಾರೆ ಅಂತಿಟ್ಟುಕೊಳ್ಳಿ. ಅಂದರೆ ಎದುರು ಬೇಸ್‌ಲೈನ್‌ನಿಂದ ಹೊಡೆದ ಚೆಂಡು ಅವರನ್ನು ತಲುಪಲು 47 ಅಡಿ, ಸುಮಾರು 14 ಮೀಟರ್ ಬರಬೇಕು. ಗಂಟೆಗೆ 100 ಕಿ.ಮೀ. ವೇಗದ ಸಾಧಾರಣ ರಿಟರ್ನ್ ಆದರೂ ಅಷ್ಟು ದೂರಕ್ಕೆ ಅರ್ಧ ಸೆಕೆಂಡ್ ಸಾಕು. ಆ ಅರ್ಧ ಸೆಕೆಂಡಿನಲ್ಲಿ ಚೆಂಡು ಎತ್ತ ಬರುತ್ತಿದೆ ಎಂದು ನೋಡಿ, ನಿರ್ಧರಿಸಿ, ಎರಡು ಮೀಟರ್ ಪಕ್ಕಕ್ಕೆ ಹೋಗಿ ವಾಲಿ ಮಾಡುವುದು (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಮನುಷ್ಯರಿಂದ ಆಗುವ ಕೆಲಸವಲ್ಲ. ಹಾಗಾಗಿ ಒಳ್ಳೆಯ ನೆಟ್ ಆಟಗಾರ್ತಿ ಚೆಂಡು ನೋಡಿ ಹೊರಡುವುದಿಲ್ಲ. ಎದುರಾಳಿಯ ಭುಜ ತಿರುಗುವುದನ್ನು, ರ‍್ಯಾಕೆಟ್ ಹಿಂದಕ್ಕೆ ಹೋಗುವುದನ್ನು ನೋಡಿ ಹೊರಡುತ್ತಾರೆ. ಹೊಡೆಯುವವಳು ಇನ್ನು ಮನಸ್ಸು ಬದಲಿಸಲಾರಳು ಅನ್ನುವ ಕ್ಷಣ ಒಂದಿರುತ್ತದೆ. ಅದಕ್ಕಿಂತ ಮುಂಚೆ ಹೊರಟರೆ ಖಾಲಿ ಬಿಟ್ಟ ಜಾಗಕ್ಕೆ ಚೆಂಡು ಬೀಳುತ್ತದೆ, ತಡವಾಗಿ ಹೊರಟರೆ ಚೆಂಡು ದಾಟಿ ಹೋಗಿರುತ್ತದೆ. ಹಿಂಗಿಸ್‌ಗೆ ಆ ಕ್ಷಣ ಕಿವಿಯಲ್ಲಿ ಯಾರೋ ಹೇಳಿದ ಹಾಗೆ ಗೊತ್ತಾಗುತ್ತಿತ್ತು.

ಎದುರಾಳಿ ಎತ್ತ ಹೊಡೆಯುತ್ತಾಳೆ ಅನ್ನುವುದೂ ಪೂರ್ತಿ ಕುರುಡು ಊಹೆಯಲ್ಲ. ನೆಟ್ ಮಧ್ಯದಲ್ಲಿ 3 ಅಡಿ ಎತ್ತರ, ಕಂಬದ ಬಳಿ ಮೂರೂವರೆ ಅಡಿ. ನೇರವಾಗಿ ಪಕ್ಕದ ಗೆರೆಗುಂಟ ಹೊಡೆಯಲು ಎತ್ತರದ ನೆಟ್ ದಾಟಿಸಬೇಕು, ಅಂಗಣದ ಉದ್ದವೂ ಕಡಿಮೆ ಸಿಗುತ್ತದೆ. ಮೂಲೆಯಿಂದ ಮೂಲೆಗೆ ಹೊಡೆದರೆ ತಗ್ಗಿನ ನೆಟ್, ಉದ್ದದ ಹಾದಿ. ಆದ್ದರಿಂದ ಒತ್ತಡದಲ್ಲಿರುವ ಯಾರೇ ಆದರೂ ಓರೆಗೇ ಹೊಡೆಯುತ್ತಾರೆ. ಸಾನಿಯಾ ಬಲಗಡೆ, ಅಂದರೆ ಡ್ಯೂಸ್ ಕೋರ್ಟಿನಲ್ಲಿ ಆಡುತ್ತಿದ್ದರು. ಎಡಗಡೆ ಹಿಂಗಿಸ್. ಸಾನಿಯಾ ಫೋರ್‌ಹ್ಯಾಂಡ್ ಮೂಲೆಯಿಂದ ಮೂಲೆಗೆ ಭಾರವಾಗಿ ಬೀಳುತ್ತಲೇ ಇದ್ದರೆ ಎದುರಿನವರು ಹಿಂದೆ ಹಿಂದೆ ಸರಿಯುತ್ತಾರೆ, ಅವರ ಉತ್ತರ ಸ್ವಲ್ಪ ಎತ್ತರಕ್ಕೆ ಬರುತ್ತದೆ. ಅಷ್ಟರಲ್ಲಿ ಹಿಂಗಿಸ್ ಮಧ್ಯಕ್ಕೆ ಬಂದು ಬೆಣ್ಣೆಗೆ ಚಾಕು ಇಟ್ಟ ಹಾಗೆ ಕತ್ತರಿಸಿ ಇಡುತ್ತಾರೆ. ಒಬ್ಬರು ಬೇಟೆ ಎಬ್ಬಿಸುವವರು, ಇನ್ನೊಬ್ಬರು ಹೊಡೆಯುವವರು. ಅಂಕಿಅಂಶದಲ್ಲಿ ಪಾಯಿಂಟ್ ಹಿಂಗಿಸ್ ಹೆಸರಿಗೆ ಬಿದ್ದರೂ ಅದರ ಅರ್ಧ ಸಾನಿಯಾ ಮಣಿಕಟ್ಟಿನದು.

ಈ ಜೋಡಿ ಶುರುವಾದದ್ದು ಅದೇ 2015ರ ಮಾರ್ಚ್‌ನಲ್ಲಿ. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್ ಮೂರನ್ನೂ ಒಂದರ ಹಿಂದೆ ಒಂದು ಗೆದ್ದರು. ಚಾರ್ಲ್‌ಸ್ಟನ್ ಗೆದ್ದ ಮೇಲೆ ಏಪ್ರಿಲ್‌ನಲ್ಲಿ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು, ಭಾರತದ ಮಹಿಳೆಯರಲ್ಲಿ ಮೊದಲಿಗರು. ಆಮೇಲೆ ವಿಂಬಲ್ಡನ್, ಅಮೆರಿಕ ಓಪನ್, ಗುವಾಂಗ್‌ಝೌ, ವುಹಾನ್, ಬೀಜಿಂಗ್. ಸಿಂಗಪುರ ಆ ವರ್ಷದ ಒಂಬತ್ತನೇ ಪ್ರಶಸ್ತಿ. ಅಲ್ಲಿ ಗುಂಪು ಹಂತದ ಮೂರು ಪಂದ್ಯ, ಸೆಮಿಫೈನಲ್, ಫೈನಲ್ ಸೇರಿ ಒಂದೇ ಒಂದು ಸೆಟ್ ಕೂಡ ಬಿಟ್ಟುಕೊಡಲಿಲ್ಲ.

ಇನ್ನು ಮುಗುರುಜಾ ವಿಷಯ. ಆ ವರ್ಷ ವಿಂಬಲ್ಡನ್ ಸಿಂಗಲ್ಸ್ ಫೈನಲ್ ಆಡಿದವರು, ಹೊಡೆತದಲ್ಲಿ ಸಾನಿಯಾಗಿಂತ ಬಲಶಾಲಿ. ಹಿಂದಿನ ದಿನ ತಾನೇ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ರಾಡ್ವಾನ್‌ಸ್ಕಾ ವಿರುದ್ಧ ಮೂರು ಸೆಟ್ ಆಡಿ ಸೋತು ಬಂದಿದ್ದರು. ದಣಿವು ಇದ್ದೇ ಇತ್ತು, ಅದನ್ನು ಮರೆಯಬಾರದು. ಆದರೆ ದಣಿವೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಸಿಂಗಲ್ಸ್‌ನಲ್ಲಿ ಮುಗುರುಜಾ ಓರೆಗೆ ಬಲವಾಗಿ ಹೊಡೆದರೆ ಎದುರಿನವಳು ಓಡಿ ಹೋಗಿ ಹೇಗೋ ವಾಪಸ್ ಕಳಿಸುತ್ತಾಳೆ. ಮುಂದಿನ ಹೊಡೆತಕ್ಕೆ ಮುಗುರುಜಾ ಸಿದ್ಧ. ಡಬಲ್ಸ್‌ನಲ್ಲಿ ಅದೇ ಹೊಡೆತ ಒಂದು ಗೇಣು ಮಧ್ಯಕ್ಕೆ ಬಂದರೂ ಮುಗಿಯಿತು, ಅಲ್ಲೊಬ್ಬರು ಕಾಯುತ್ತಿರುತ್ತಾರೆ. ಎರಡು ಮೂರು ಸಲ ಹೀಗಾದ ಮೇಲೆ ಹೊಡೆಯುವವಳ ಕಣ್ಣು ಚೆಂಡು ಬಿಟ್ಟು ನೆಟ್ ಕಡೆ ಹೋಗುತ್ತದೆ. ‘ಈ ಸಲ ಬರುತ್ತಾಳಾ?’ ಅಂತ. ಆ ಇಣುಕುನೋಟ ಸಾಕು, ಚೆಂಡು ರ‍್ಯಾಕೆಟ್ಟಿನ ಮಧ್ಯಕ್ಕೆ ಬೀಳುವುದಿಲ್ಲ. ಮೊದಲ ಸೆಟ್‌ನ ಸೊನ್ನೆ ಹುಟ್ಟಿದ್ದು ಹೀಗೆ. ಹಿಂಗಿಸ್ ಮುಟ್ಟದ ಚೆಂಡುಗಳಿಂದಲೂ ಪಾಯಿಂಟ್ ಬಂದವು.

ಛಾವಣಿ ಬಗ್ಗೆ ಕೇಳಿದ್ದೀರಿ. ವ್ಯತ್ಯಾಸ ಆಗುತ್ತದೆ, ಆದರೆ ನೀವಂದುಕೊಂಡ ರೀತಿಯಲ್ಲಿ ಇರಲಿಕ್ಕಿಲ್ಲ. ‘ಒಳಾಂಗಣ ಅಂದರೆ ವೇಗ’ ಎಂದು ಬಹಳ ಜನ ಹೇಳುತ್ತಾರೆ. ಛಾವಣಿಯಿಂದ ಚೆಂಡಿಗೆ ವೇಗ ಬರುವುದಿಲ್ಲ, ಅದು ಕೆಳಗಿನ ನೆಲದ ಕೆಲಸ. ಹಿಂದೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವರ್ಷಾಂತ್ಯದ ಟೂರ್ನಿ ನಡೆಯುತ್ತಿದ್ದಾಗ ಕಾರ್ಪೆಟ್ ಹಾಸುತ್ತಿದ್ದರು. ಚೆಂಡು ಜಾರಿಕೊಂಡು ಬರುತ್ತಿತ್ತು, ನೆಟ್‌ಗೆ ನುಗ್ಗುವವರ ಸ್ವರ್ಗ. ಮಾರ್ಟಿನಾ ನವ್ರಾಟಿಲೋವಾ–ಪ್ಯಾಮ್ ಶ್ರೈವರ್ ಆ ಟೂರ್ನಿಯ ಡಬಲ್ಸನ್ನು ಹತ್ತು ಸಲ ಗೆದ್ದರು. 1983ರಿಂದ 1985ರ ವಿಂಬಲ್ಡನ್‌ವರೆಗೆ ಸತತ 109 ಪಂದ್ಯ ಸೋಲದ ಜೋಡಿ ಅದು. ಅವರ ಆಟ ಈಗ ನೋಡಿದರೆ ಬೇರೆಯದೇ ಆಟ ಅನ್ನಿಸುತ್ತದೆ. ಸರ್ವ್ ಮಾಡಿದವರೂ ನೆಟ್‌ಗೆ, ರಿಟರ್ನ್ ಮಾಡಿದವರೂ ನೆಟ್‌ಗೆ, ನಾಲ್ವರೂ ಮುಖಾಮುಖಿ. ಇವತ್ತು ಸಿಂಗಪುರದಂಥ ಕಡೆ ಹಾಸುವುದು ಹಾರ್ಡ್ ಕೋರ್ಟ್, ಅದು ಮಧ್ಯಮ ವೇಗದ್ದು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಂತೂ ಪೋರ್ಷೆ ಅರೀನಾದ ಛಾವಣಿ ಕೆಳಗೆ ಕೆಂಪು ಮಣ್ಣು ಹಾಸಿ ಆಡಿಸುತ್ತಾರೆ. ಒಳಾಂಗಣ, ಆದರೂ ನಿಧಾನದ ಅಂಗಣ! 2016ರಲ್ಲಿ ಅಲ್ಲಿನ ಫೈನಲ್‌ನಲ್ಲಿ ಇದೇ ಸಾನಿಯಾ–ಹಿಂಗಿಸ್ ಜೋಡಿ ಮೊದಲ ಸೆಟ್ 6-2ರಿಂದ ಗೆದ್ದೂ, ಫ್ರಾನ್ಸಿನ ಕರೋಲಿನ್ ಗಾರ್ಸಿಯಾ–ಕ್ರಿಸ್ಟಿನಾ ಮ್ಲಾಡೆನೊವಿಚ್‌ಗೆ ಸೋತಿತು: 6-2, 1-6, 6-10. ಮಣ್ಣಿನ ಮೇಲೆ ಸಾನಿಯಾ ಫೋರ್‌ಹ್ಯಾಂಡ್‌ಗೆ ಎದುರಾಳಿಗಳಿಗೆ ಒಂದು ಉಸಿರಿನಷ್ಟು ಹೆಚ್ಚು ಸಮಯ ಸಿಗುತ್ತದೆ.

ಹಾಗಾದರೆ ಛಾವಣಿ ಮಾಡುವುದೇನು? ಗಾಳಿ ಮತ್ತು ಬಿಸಿಲನ್ನು ಆಟದಿಂದ ತೆಗೆದುಹಾಕುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ಡಬಲ್ಸ್‌ನಲ್ಲಿ ದೊಡ್ಡದು. ಬಯಲಿನಲ್ಲಿ ಸರ್ವ್‌ಗೆ ಚೆಂಡು ಮೇಲೆಸೆದಾಗ ಗಾಳಿ ಎರಡು ಬೆರಳು ಅತ್ತ ತಳ್ಳಿದರೂ ಸರ್ವ್ ಬೇಕಾದ ಕಡೆ ಬೀಳುವುದಿಲ್ಲ. ಬೇಕಾದ ಕಡೆ ಬೀಳದಿದ್ದರೆ ಮುಂದೆ ನಿಂತವಳ ಲೆಕ್ಕಾಚಾರ ಎಲ್ಲ ತಲೆಕೆಳಗು. ಒಳಗೆ ಆಡುವಾಗ ‘ಮಧ್ಯದ ಗೆರೆಗೆ ಸರ್ವ್ ಹಾಕು, ನಾನು ಅಡ್ಡ ಬರುತ್ತೇನೆ’ ಎಂದು ಗೊತ್ತು ಮಾಡಿಕೊಂಡರೆ ಹತ್ತರಲ್ಲಿ ಎಂಟು ಸಲ ಹಾಗೇ ಆಗುತ್ತದೆ. ಅಂದರೆ ಯೋಜನೆ ಇರುವ ಜೋಡಿಗೆ ಲಾಭ, ಇಲ್ಲದ ಜೋಡಿಗೆ ನೆಪ ಹೇಳಲು ಗಾಳಿಯೂ ಇಲ್ಲ.

ಲಾಬ್ ವಿಷಯವೂ ಹೀಗೇ. ಬಯಲಿನಲ್ಲಿ ತಲೆ ಮೇಲೆ ಎತ್ತಿದ ಚೆಂಡು ಗಾಳಿಗೆ ತೇಲಿ ಹೊರಗೆ ಬೀಳಬಹುದು, ಇಲ್ಲವೇ ಬಿಸಿಲಿಗೆ ಕಣ್ಣು ಕುಕ್ಕಿ ಎದುರಾಳಿ ಸ್ಮ್ಯಾಶ್ ತಪ್ಪಿಸಬಹುದು. ಎರಡೂ ಅದೃಷ್ಟದ ಮಾತು. ಒಳಗೆ ಲಾಬ್ ಎಲ್ಲಿಗೆ ಹಾಕಿದಿರೋ ಅಲ್ಲಿಗೇ ಬೀಳುತ್ತದೆ, ಹಾಗೇ ಸ್ಮ್ಯಾಶ್ ಕೂಡ ತಪ್ಪುವುದಿಲ್ಲ. ಹಾಗಾಗಿ ಅರೆಬರೆ ಲಾಬ್‌ಗೆ ಅಲ್ಲಿ ಕ್ಷಮೆಯಿಲ್ಲ. ಇನ್ನೊಂದು ನಿಯಮ ಮಗಳಿಗೆ ಹೇಳಿಡಿ: ಆಟದಲ್ಲಿರುವ ಚೆಂಡು ಛಾವಣಿಗೋ ದೀಪಕ್ಕೋ ತಗುಲಿದರೆ ಹೊಡೆದವರಿಗೇ ಪಾಯಿಂಟ್ ನಷ್ಟ. ದೊಡ್ಡ ಕ್ರೀಡಾಂಗಣಗಳಲ್ಲಿ ಛಾವಣಿ ಬಹಳ ಎತ್ತರ, ಅಲ್ಲಿ ಹೀಗಾಗುವುದು ಅಪರೂಪ. ನಮ್ಮ ಕಡೆಯ ತಗ್ಗಿನ ತಗಡಿನ ಹಾಲ್‌ಗಳಲ್ಲಿ ಆಗುತ್ತಲೇ ಇರುತ್ತದೆ.

ಸದ್ದಿನ ಬಗ್ಗೆ ಟಿವಿಯಲ್ಲಿ ಗೊತ್ತಾಗುವುದಿಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಕಬಡ್ಡಿ ನೋಡಿದ್ದರೆ ನೆನಪಿಸಿಕೊಳ್ಳಿ, ಚಪ್ಪಾಳೆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಟೆನಿಸ್‌ನಲ್ಲಿ ಪಾಯಿಂಟ್ ನಡೆಯುವಾಗ ಜನ ಸುಮ್ಮನಿರುತ್ತಾರೆ, ಆಗ ರ‍್ಯಾಕೆಟ್ಟಿಗೆ ಚೆಂಡು ತಗುಲಿದ ಶಬ್ದ ಸ್ಪಷ್ಟವಾಗಿ ಕೇಳುತ್ತದೆ. ಹಿಂದೆ ತಿರುಗಿ ನೋಡದೆಯೇ ಜೊತೆಗಾರ್ತಿ ಬಲವಾಗಿ ಹೊಡೆದಳೋ, ಸುಮ್ಮನೆ ತಳ್ಳಿದಳೋ ಎಂದು ನೆಟ್ ಬಳಿ ಇರುವವರು ಕಿವಿಯಿಂದಲೇ ತಿಳಿಯುತ್ತಾರೆ. ತಿರುಗಿ ನೋಡುವುದು ಡಬಲ್ಸ್‌ನಲ್ಲಿ ಕೆಟ್ಟ ಚಾಳಿ. ನಿಮ್ಮ ಮಗಳಿಗೆ ಅದು ಇದೆಯಾ ನೋಡಿ. ಈ ವಯಸ್ಸಿನ ಹೆಚ್ಚಿನ ಮಕ್ಕಳಿಗೆ ಇರುತ್ತದೆ.

ಬಯಲಿಗೂ ಒಳಾಂಗಣಕ್ಕೂ ಇರುವ ಅಂತರ ಬೇಕಿದ್ದರೆ ಇದೇ ಟೂರ್ನಿಯ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರಲ್ಲಿ ಮೆಕ್ಸಿಕೊದ ಕಾನ್‌ಕೂನ್‌ನಲ್ಲಿ ಬಯಲಲ್ಲಿ ತಾತ್ಕಾಲಿಕ ಅಂಗಣ ಕಟ್ಟಿ ಆಡಿಸಿದರು. ಗಾಳಿ, ಮಳೆ, ಟೂರ್ನಿ ಸೋಮವಾರದವರೆಗೆ ಎಳೆಯಿತು. ಡಬಲ್ಸ್ ಗೆದ್ದವರು ಲಾರಾ ಸೀಗೆಮುಂಡ್–ವೆರಾ ಜ್ವೊನರೇವಾ. ಇಬ್ಬರೂ ಮೂವತ್ತೈದು ದಾಟಿದ ಅನುಭವಿಗಳು, ಚೆಂಡನ್ನು ಕತ್ತರಿಸಿ, ತಿರುಚಿ, ಗಾಳಿಯನ್ನೇ ಮೂರನೇ ಆಟಗಾರ್ತಿಯಾಗಿ ದುಡಿಸಿಕೊಳ್ಳಬಲ್ಲವರು. ಮರುವರ್ಷ ರಿಯಾದ್‌ನ ಒಳಾಂಗಣಕ್ಕೆ ಬಂದಾಗ ಗೆದ್ದವರು ಗೇಬ್ರಿಯೆಲಾ ಡಬ್ರೋವ್‌ಸ್ಕಿ–ಎರಿನ್ ರೌಟ್‌ಲಿಫ್. ಫೈನಲ್‌ನಲ್ಲಿ ಸಿನಿಯಾಕೊವಾ–ಟೌನ್‌ಸೆಂಡ್ ವಿರುದ್ಧ 7-5, 6-3. ರೌಟ್‌ಲಿಫ್ ಎತ್ತರದ ಹುಡುಗಿ, ನೆಟ್ ಬಳಿ ಕೈ ಚಾಚಿದರೆ ಅರ್ಧ ಅಂಗಣ ಮುಚ್ಚಿದಂತೆ. ಎರಡು ಸಲದ ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು ನಿಜ, ಆದರೂ ನೋಡಲು ರುಚಿಯಾಗಿದೆ.

ಈಗ ಅಂಕದ ವಿಷಯ. ಗ್ರ್ಯಾಂಡ್‌ಸ್ಲಾಮ್ ಮಹಿಳಾ ಡಬಲ್ಸ್‌ನಲ್ಲಿ ಹಳೆಯ ಪದ್ಧತಿ: ಡ್ಯೂಸ್ (40-40), ಅಡ್ವಾಂಟೇಜ್ (ಅಲ್ಲಿಂದ ಒಂದು ಪಾಯಿಂಟ್ ಮುಂದೆ), ಪೂರ್ತಿ ಮೂರನೇ ಸೆಟ್. ಡಬ್ಲ್ಯುಟಿಎ ಟೂರ್ನಿಗಳಲ್ಲಿ ಹಾಗಿಲ್ಲ. 40-40 ಆದರೆ ಒಂದೇ ನಿರ್ಣಾಯಕ ಪಾಯಿಂಟ್. ತಲಾ ಒಂದು ಸೆಟ್ ಆದರೆ ಹತ್ತು ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್, ನಾವು ಸೂಪರ್ ಟೈಬ್ರೇಕ್ ಅನ್ನುವುದು. ಅದರಲ್ಲೂ ಎರಡು ಪಾಯಿಂಟ್ ಅಂತರ ಬೇಕು. ಕಾರಣ ಸರಳ, ಸಮಯ. ಒಂದೇ ಅಂಗಣದಲ್ಲಿ ದಿನಕ್ಕೆ ಇಷ್ಟು ಪಂದ್ಯ ಮುಗಿಸಬೇಕು, ಟಿವಿಯವರಿಗೆ ಹೊತ್ತು ಗೊತ್ತಿರಬೇಕು, ಸಿಂಗಲ್ಸ್ ಆಡುವವರೂ ಡಬಲ್ಸ್‌ಗೆ ಬರಲು ಧೈರ್ಯ ಮಾಡಬೇಕು. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಿದರೆ, ನಿರ್ಣಾಯಕ ಪಾಯಿಂಟ್ ನನಗಿಷ್ಟ, ಸೂಪರ್ ಟೈಬ್ರೇಕ್ ಇಷ್ಟವಿಲ್ಲ. ಒಂದೂವರೆ ಗಂಟೆ ಬೆವರು ಸುರಿಸಿ ಕೊನೆಗೆ ಹತ್ತು ಹದಿನೈದು ನಿಮಿಷದ ಜೂಜು.

ನಿರ್ಣಾಯಕ ಪಾಯಿಂಟ್‌ನಲ್ಲಿ ಒಂದು ಸೊಗಸಿದೆ. ಸರ್ವ್ ಯಾವ ಕಡೆಯಿಂದ ಬರಬೇಕು ಎಂದು ಆರಿಸುವ ಹಕ್ಕು ರಿಟರ್ನ್ ಮಾಡುವ ಜೋಡಿಗೆ. ಇಬ್ಬರೂ ಜಾಗ ಅದಲುಬದಲು ಮಾಡುವಂತಿಲ್ಲ. ಬಲಗಡೆಯವಳು ಬಲಗಡೆಯೇ, ಎಡಗಡೆಯವಳು ಎಡಗಡೆಯೇ. ಯಾರು ಎದುರಿಸುತ್ತಾರೆ ಅನ್ನುವುದಷ್ಟೇ ಆಯ್ಕೆ. ಟಿವಿಯಲ್ಲಿ ಆ ಹೊತ್ತಿಗೆ ಇಬ್ಬರೂ ಹತ್ತಿರ ಬಂದು ಪಿಸುಗುಟ್ಟುವುದು ಕಾಣಿಸುತ್ತದೆ. ಪುಕ್ಕಲು ಜೋಡಿಯಲ್ಲಿ ‘ನೀನೇ ತಗೋ’, ‘ಇಲ್ಲ, ನೀನೇ ತಗೋ’ ನಡೆಯುತ್ತದೆ. ಅತ್ತ ಸರ್ವ್ ಮಾಡುವ ಜೋಡಿಯಲ್ಲಿ ಮುಂದಿನವಳು ಬೆನ್ನ ಹಿಂದೆ ಬೆರಳು ತೋರಿಸುತ್ತಿರುತ್ತಾಳೆ. ಮುಷ್ಟಿ ಅಂದರೆ ಇಲ್ಲೇ ನಿಲ್ಲುತ್ತೇನೆ, ಅಂಗೈ ಬಿಚ್ಚಿದರೆ ಅಡ್ಡ ಹೋಗುತ್ತೇನೆ. ಸಾಮಾನ್ಯವಾಗಿ ಹೀಗೆ, ಜೋಡಿಯಿಂದ ಜೋಡಿಗೆ ಬದಲಾಗುತ್ತದೆ.

ನಾನು ಆಡುತ್ತಿದ್ದ ಕಾಲದ ಒಂದು ಕ್ಲಬ್ ಟೂರ್ನಿ ನೆನಪಾಗುತ್ತದೆ. 40-40. ನಾನು ಬೆನ್ನ ಹಿಂದೆ ಅಂಗೈ ಬಿಚ್ಚಿ ತೋರಿಸಿದೆ. ಸರ್ವ್ ಮಾಡಬೇಕಿದ್ದ ಗೆಳತಿ ಆಗ ಚೆಂಡು ಆರಿಸುತ್ತಿದ್ದಳು, ನೋಡಲೇ ಇಲ್ಲ. ನಾನು ಬಾಣ ಬಿಟ್ಟ ಹಾಗೆ ಬಲಕ್ಕೆ ಓಡಿದೆ, ನಾನು ಬಿಟ್ಟ ಜಾಗ ತುಂಬಬೇಕಿದ್ದ ಅವಳು ಅಲ್ಲೇ ನಿಂತಿದ್ದಳು. ಇಬ್ಬರೂ ಒಂದೇ ಕಡೆ. ಖಾಲಿ ಬಿದ್ದ ಅರ್ಧ ಅಂಗಣಕ್ಕೆ ಎದುರಿನವಳು ಚೆಂಡನ್ನು ಮೆಲ್ಲಗೆ ಉರುಳಿಸಿಬಿಟ್ಟಳು. ವಾಪಸ್ ಬರುವ ಬಸ್ಸಿನಲ್ಲಿ ಚನ್ನಪಟ್ಟಣ ದಾಟುವವರೆಗೂ ನಾವಿಬ್ಬರೂ ಮಾತಾಡಲಿಲ್ಲ. ಅವತ್ತಿನಿಂದ ನನ್ನ ಶಿಷ್ಯೆಯರಿಗೆ ಒಂದು ಕಡ್ಡಾಯ: ಸನ್ನೆ ತೋರಿಸಿದ ಮೇಲೆ ಹಿಂದಿನವಳು ‘ಹ್ಞೂಂ’ ಅನ್ನಲೇಬೇಕು. ‘ಹ್ಞೂಂ’ ಕೇಳದಿದ್ದರೆ ಮುಂದಿನವಳು ಅಲ್ಲಾಡಬಾರದು.

ಸೂಪರ್ ಟೈಬ್ರೇಕ್ ಎಷ್ಟು ಬೇಗ ತಿರುಗುತ್ತದೆ ಎಂದು ನೋಡಬೇಕಾದರೆ 2022ರ ಡಬ್ಲ್ಯುಟಿಎ ಫೈನಲ್ಸ್ ನೋಡಿ. ಅಮೆರಿಕದ ಫೋರ್ಟ್ ವರ್ತ್, ಅದೂ ಒಳಾಂಗಣ. ಚೆಕ್ ದೇಶದ ಕ್ರೆಜ್‌ಚಿಕೋವಾ–ಸಿನಿಯಾಕೊವಾ ಆ ವರ್ಷ ಆಸ್ಟ್ರೇಲಿಯಾ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಮೂರನ್ನೂ ಗೆದ್ದು ಬಂದಿದ್ದ ಜೋಡಿ. ಫೈನಲ್‌ನಲ್ಲಿ ವೆರೋನಿಕಾ ಕುದೆರ್ಮೆಟೋವಾ–ಎಲಿಸ್ ಮೆರ್ಟೆನ್ಸ್ ವಿರುದ್ಧ ತಲಾ ಒಂದು ಸೆಟ್ ಆಯಿತು. ಟೈಬ್ರೇಕ್‌ನಲ್ಲಿ ಚೆಕ್ ಜೋಡಿ 7-2 ಮುಂದೆ. ಇನ್ನು ಮೂರೇ ಪಾಯಿಂಟ್. ಅಲ್ಲಿಂದ ಕುದೆರ್ಮೆಟೋವಾ–ಮೆರ್ಟೆನ್ಸ್ ಮುಂದಿನ 11 ಪಾಯಿಂಟ್‌ಗಳಲ್ಲಿ 9 ಗೆದ್ದು 11-9ಕ್ಕೆ ಕಪ್ ಎತ್ತಿಕೊಂಡರು. ಪೂರ್ತಿ ಸೆಟ್ ಆಗಿದ್ದರೆ ಐದು ಪಾಯಿಂಟ್ ಅಂದರೆ ಒಂದು ಗೇಮ್ ಚಿಲ್ಲರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಅದೇ ಐದು ಪಾಯಿಂಟ್ ಬೆಟ್ಟ, ಆ ಬೆಟ್ಟ ಕರಗಿದ್ದೂ ಐದು ನಿಮಿಷದಲ್ಲಿ.

ಸಾನಿಯಾ ಕೂಡ ಇದರ ರುಚಿ ಕಂಡವರೇ. 2014ರಲ್ಲಿ ಇದೇ ಸಿಂಗಪುರದಲ್ಲಿ ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆ ಆಡುವಾಗ ಸೆಮಿಫೈನಲ್‌ನಲ್ಲಿ ಅಮೆರಿಕದ ಕಾಪ್ಸ್-ಜೋನ್ಸ್–ಸ್ಪಿಯರ್ಸ್ ವಿರುದ್ಧ 4-6, 7-5, 11-9. ಕೂದಲೆಳೆಯಲ್ಲಿ ಪಾರು. ಮರುದಿನ ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ನರಾದ ಷೇ ಸು-ವೇ–ಪೆಂಗ್ ಶುಯಿಗೆ 6-1, 6-0. ಸ್ಕೋರ್ ಮಾತ್ರ ನೋಡಿದರೆ ಎರಡೂ ದಿನ ಆಡಿದ್ದು ಒಂದೇ ಜೋಡಿ ಎಂದು ನಂಬುವುದು ಕಷ್ಟ. ಹಾಗಾಗಿ ನಿಮ್ಮ 6-0ಕ್ಕೆ ಇದನ್ನೂ ಸೇರಿಸಿಕೊಳ್ಳಿ. ಪ್ರತಿ 40-40ಕ್ಕೂ ಒಂದೇ ಪಾಯಿಂಟ್ ಇರುವಾಗ, ಅಂಥ ನಾಲ್ಕು ಪಾಯಿಂಟ್ ಒಂದೇ ಕಡೆ ಬಿದ್ದರೆ ಸಮಬಲದ ಆಟವೂ ಸ್ಕೋರ್‌ನಲ್ಲಿ ಏಕಪಕ್ಷೀಯವಾಗಿ ಕಾಣುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಡಬ್ಲ್ಯುಟಿಎ ಫೈನಲ್ಸ್‌ಗೆ ಎಂಟು ಜೋಡಿ ಮಾತ್ರ. ಅಲ್ಲಿಗೆ ಲೆಕ್ಕಕ್ಕೆ ಬರುವುದು ಒಬ್ಬೊಬ್ಬರ ರ‍್ಯಾಂಕಿಂಗ್ ಅಲ್ಲ, ಆ ವರ್ಷ ಜೋಡಿಯಾಗಿ ಗಳಿಸಿದ ಅಂಕ. ಜೊತೆಗಾರ್ತಿ ಬದಲಾಯಿಸಿದಿರೋ, ಲೆಕ್ಕ ಸೊನ್ನೆಯಿಂದ ಶುರು. ಇದರಿಂದ 2016ರಲ್ಲಿ ಒಂದು ತಮಾಷೆ ಆಯಿತು. ಆಗಸ್ಟ್‌ನಲ್ಲಿ ಸಾನಿಯಾ–ಹಿಂಗಿಸ್ ಬೇರೆಯಾದರು. ಕೂಡಲೇ ಸಿನ್ಸಿನಾಟಿಯಲ್ಲಿ ಸಾನಿಯಾ ಹೊಸ ಜೊತೆಗಾರ್ತಿ ಬಾರ್ಬೊರಾ ಸ್ಟ್ರಿಕೋವಾ ಜೊತೆ ಫೈನಲ್‌ಗೆ ಬಂದರು. ಎದುರಿಗೆ ಯಾರು? ಕೋಕೊ ವಾಂಡೆವೇ ಜೊತೆ ಹಿಂಗಿಸ್! ಸಾನಿಯಾ ಗೆದ್ದರು. ಆದರೆ ವರ್ಷಾಂತ್ಯದ ಸಿಂಗಪುರಕ್ಕೆ ಅರ್ಹತೆ ಇದ್ದದ್ದು ಹಳೆಯ ಜೋಡಿಗೆ. ಸರಿ, ಇಬ್ಬರೂ ಮತ್ತೆ ಒಂದಾಗಿ ಆಡಿದರು. ಸೆಮಿಫೈನಲ್‌ನಲ್ಲಿ ಮಕರೋವಾ–ವೆಸ್ನಿನಾಗೆ ಸೋತರು, ಆ ರಷ್ಯನ್ನರೇ ಕಪ್ ಗೆದ್ದರು. ಆ ಪಂದ್ಯದ ತುಣುಕು ಸಿಕ್ಕರೆ 2015ರ ಪಕ್ಕದಲ್ಲಿಟ್ಟು ನೋಡಿ. ಅದೇ ಹಿಂಗಿಸ್, ಅದೇ ಸಾನಿಯಾ. ನೆಟ್ ಬಳಿ ಆ ಅರ್ಧ ಹೆಜ್ಜೆಯಲ್ಲಿ ಮಾತ್ರ ಮೊದಲಿನ ಧೈರ್ಯ ನನಗಂತೂ ಕಾಣಿಸಲಿಲ್ಲ. ಹಿಂದಿನವಳು ಏನು ಹೊಡೆಯುತ್ತಾಳೆ ಎಂದು ಖಾತ್ರಿ ಇದ್ದರಷ್ಟೇ ಮುಂದಿನವಳು ಹೊರಡಬಲ್ಲಳು.

ಇನ್ನು ಕೊನೆಯ ಪ್ರಶ್ನೆ. ನೇರವಾಗಿ ಹೇಳುತ್ತೇನೆ: ಹದಿಮೂರಕ್ಕೆ ಸಿಂಗಲ್ಸ್ ಬಿಡಿಸಬೇಡಿ.

ಡಬಲ್ಸ್‌ನ ದೊಡ್ಡ ಹೆಸರುಗಳೆಲ್ಲ ಬಹುತೇಕ ಸಿಂಗಲ್ಸ್ ಬಾಗಿಲಿಂದ ಬಂದವರು. ಹಿಂಗಿಸ್ ಸಿಂಗಲ್ಸ್‌ನಲ್ಲೇ ನಂಬರ್ ಒನ್ ಆಗಿದ್ದವರು. ಸಾನಿಯಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೆ ಏರಿದ್ದರು. ಮಣಿಕಟ್ಟಿನ ಗಾಯಗಳು ಕಾಡಿದ ಮೇಲೆ ಡಬಲ್ಸ್‌ಗೆ ಪೂರ್ತಿ ತಿರುಗಿದರು. ಆ ಫೋರ್‌ಹ್ಯಾಂಡ್ ಸಿಂಗಲ್ಸ್‌ನ ಸಾವಿರಾರು ರ‍್ಯಾಲಿಗಳಲ್ಲಿ ಹದವಾದದ್ದು. ಕ್ರೆಜ್‌ಚಿಕೋವಾ ಡಬಲ್ಸ್ ಚಾಂಪಿಯನ್ ಆಗಿದ್ದವರು ಆಮೇಲೆ ಫ್ರೆಂಚ್ ಓಪನ್, ವಿಂಬಲ್ಡನ್ ಸಿಂಗಲ್ಸ್ ಎರಡನ್ನೂ ಗೆದ್ದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಕೂಡ ವರ್ಷಗಟ್ಟಲೆ ಡೇವಿಸ್ ಕಪ್‌ನಲ್ಲಿ ಸಿಂಗಲ್ಸ್ ಆಡಿದವರು. 43ನೇ ವಯಸ್ಸಿನಲ್ಲಿ, 2024ರಲ್ಲಿ, ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಡಬಲ್ಸ್‌ಗೆ ಅವಸರವಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ದುಡ್ಡಿನ ಮಾತನ್ನೂ ಆಡಿಬಿಡೋಣ, ತಾಯಂದಿರು ಕೇಳಲು ಸಂಕೋಚಪಡುತ್ತಾರೆ. 2024ರ ರಿಯಾದ್ ಟೂರ್ನಿಯ ಒಟ್ಟು ಬಹುಮಾನ 1.52 ಕೋಟಿ ಡಾಲರ್‌ಗೂ ಹೆಚ್ಚು. ಸಿಂಗಲ್ಸ್ ಗೆದ್ದ ಕೋಕೊ ಗಾಫ್ ಒಬ್ಬರಿಗೇ ಸುಮಾರು 48 ಲಕ್ಷ ಡಾಲರ್. ಡಬಲ್ಸ್ ಗೆದ್ದವರಿಗೆ ಅದರ ಸಣ್ಣ ಪಾಲು, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಕೋಚ್, ವಿಮಾನ, ಹೋಟೆಲ್ ಖರ್ಚು ಮಾತ್ರ ಇಬ್ಬರಿಗೂ ಬೇರೆಬೇರೆ.

ಹಾಗಂತ ಮಗಳ ಡಬಲ್ಸ್ ಹುಚ್ಚನ್ನು ತಣ್ಣಗಾಗಿಸಬೇಡಿ, ಅದು ಸಿಂಗಲ್ಸ್‌ಗೂ ಒಳ್ಳೆಯದು. ವಾಲಿ, ರಿಟರ್ನ್, ಎರಡನೇ ಸರ್ವ್ ಮೂರೂ ಡಬಲ್ಸ್‌ನಲ್ಲಿ ಬೇಗ ಸುಧಾರಿಸುತ್ತವೆ. ಅವಳು ಶಾಲೆಯಲ್ಲಿ ಶಟಲ್ ಆಡುತ್ತಿದ್ದರೆ ಇನ್ನೂ ಒಳ್ಳೆಯದು. ಅಶ್ವಿನಿ ಪೊನ್ನಪ್ಪ–ಜ್ವಾಲಾ ಗುಟ್ಟಾ ಆಟ ನೋಡಿದವರಿಗೆ ಗೊತ್ತು, ದಾಳಿ ಮಾಡುವಾಗ ಒಬ್ಬರು ಹಿಂದೆ ಸ್ಮ್ಯಾಶ್‌ಗೆ, ಇನ್ನೊಬ್ಬರು ಮುಂದೆ ನೆಟ್‌ಗೆ. ರಕ್ಷಣೆಗೆ ಬಂದಾಗ ಪಕ್ಕಪಕ್ಕ. ಟೆನಿಸ್‌ನಲ್ಲೂ ತತ್ವ ಅದೇ, ದೂರ ಹೆಚ್ಚು ಅಷ್ಟೆ.

ಈ ವಾರದಿಂದ ಒಂದು ಅಭ್ಯಾಸ ಮಾಡಿಸಿ. ಜೊತೆಗೆ ಆಡುವ ಹುಡುಗಿ ಬೇಸ್‌ಲೈನ್‌ನಲ್ಲಿ, ನಿಮ್ಮ ಮಗಳು ನೆಟ್‌ನಿಂದ ಎಂಟು ಅಡಿ ಹಿಂದೆ. ಅವಳ ಕಾಲ ಬಳಿ ಒಂದು ನೀರಿನ ಬಾಟಲಿ, ಮಧ್ಯದ ಗೆರೆ ಹತ್ತಿರ ಇನ್ನೊಂದು. ಎದುರಿನಿಂದ ಕೋಚ್ ಓರೆಗೆ ಹೊಡೆಯಲಿ. ಮಗಳ ಕೈಯಲ್ಲಿ ರ‍್ಯಾಕೆಟ್ ಬೇಡ. ಕೋಚ್ ಭುಜ ತಿರುಗಿದ ಕೂಡಲೇ ಎರಡನೇ ಬಾಟಲಿಯವರೆಗೆ ಹೋಗಿ ಬರಿಗೈಯಲ್ಲಿ ಚೆಂಡು ಹಿಡಿಯಬೇಕು. ಮೊದಲ ದಿನ ಇಪ್ಪತ್ತರಲ್ಲಿ ಮೂರು ಹಿಡಿದರೆ ಹೆಚ್ಚು. ನೀವು ಪಕ್ಕದಲ್ಲಿ ಕೂತು ಎಷ್ಟು ಹಿಡಿದಳು ಎಂದು ಎಣಿಸಬೇಡಿ, ಎಷ್ಟು ಸಲ ಸರಿಯಾದ ಹೊತ್ತಿಗೆ ಹೊರಟಳು ಎಂದು ಬರೆದಿಟ್ಟುಕೊಳ್ಳಿ. ಇಪ್ಪತ್ತರಲ್ಲಿ ಹತ್ತಾದ ದಿನ ರ‍್ಯಾಕೆಟ್ ಕೊಡಿ.